ಪೂಜೆಯ ಹೊತ್ತಿನಲ್ಲಿ ಕೇಳಬೇಡ

ಚನ್ನಿ,

ಅವ್ವನೂ ನಾನೂ ಚಿಕ್ಕಮ್ಮನ ಬಾಣಂತನಕ್ಕೆ ಮಿಡಿಗೇಶಿಗೆ ಹೊರಟೆವು. ಮುದ್ದೆ ಮುಚ್ಚಿಟ್ಟಿದ್ದೇನೆ, ಸಾರು ಒಲೆಯ ಮೇಲಿದೆ. ನೀನು ಏಳುವ ಹೊತ್ತಿಗೆ ಎರಡೂ ತಣ್ಣಗಾಗಿದ್ದರೆ ನನ್ನನ್ನು ಬೈಯಬೇಡ.

ನೀನು ಮಿಡ್ಲ್ ಸ್ಕೂಲಿಗೆ ಸೇರುವ ಕಾಗದ ಗೂಡಿನಲ್ಲಿದೆ. ಗಣಿತವೋ ಹೊಲಿಗೆಯೋ ಎಂದು ಬರೆದು, ಅಪ್ಪನ ರುಜು ಹಾಕಿಸಿ ಇವತ್ತೇ ಕೊಡಬೇಕು. ನೀನು ಹೊಲಿದ ಲಂಗವನ್ನು ನಾನು ಕಂಡಿದ್ದೇನೆ. ಗಣಿತ ಎಂದೇ ಬರೆ.

ಆದರೆ ಅಪ್ಪ ಲಿಂಗಪೂಜೆಗೆ ಕೂತಾಗ ಕೇಳಬೇಡ. ಆಗ ಅವರದು ಮೌನ, ಎಲ್ಲಕ್ಕೂ ಕೈಸನ್ನೆಯೇ. ನಾನು ಮಿಡ್ಲ್ ಸ್ಕೂಲಿಗೆ ಸೇರಲೇ ಎಂದು ಕೇಳಿದ್ದು ಅದೇ ಹೊತ್ತಿನಲ್ಲಿ. ಅವರ ಕಣ್ಣು ಲಿಂಗದ ಮೇಲಿರುತ್ತದೆ, ನನ್ನ ಮುಖ ನೋಡುವುದಿಲ್ಲ ಎಂಬ ಧೈರ್ಯ. ಅವರು ಜೋರಾಗಿ ಕೈ ಬೀಸಿದರು. ಬೇಡವೆಂದರು ಎಂದುಕೊಂಡು ಪುಸ್ತಕ ಎತ್ತಿಟ್ಟೆ.

ಎರಡು ವರ್ಷದ ಮೇಲೆ ಮಾತಿಗೆ ಮಾತು ಬಂದಾಗ ಹೇಳಿದರು: "ನೀನು ಗೊಣಗಿದ್ದು ನಂಗೆ ಕೇಳ್ನೇ ಇಲ್ಲ ಕಣಮ್ಮ. ಬೆಕ್ಕು ಹಾಲಿಗೆ ಬಾಯಿ ಹಾಕ್ತಿತ್ತು, ಓಡಿಸ್ದೆ. ನಿಂಗೇ ಓದು ಬ್ಯಾಡವಾಯ್ತೇನೋ ಅಂದ್ಕಂಡೆ."

ಆ ಬೆಕ್ಕಿಗೆ ಈಗಲೂ ದಿನಾ ಹಾಲು ಹಾಕುವವಳು ನಾನೇ. ಇವತ್ತು ನೀನು ಹಾಕು, ಅದರದೇನೂ ತಪ್ಪಿಲ್ಲ.

ಪೂಜೆ ಮುಗಿದು, ಅಪ್ಪ ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡ ಮೇಲೆ, ಎದುರಿಗೆ ನಿಂತು ಗಟ್ಟಿಯಾಗಿ ಕೇಳು. ಬೇಡ ಎಂದರೆ ಯಾಕೆ ಎಂದೂ ಕೇಳು. ನಾನು ಕೇಳದೆ ಹೋದದ್ದು ಅದೊಂದೇ ಮಾತು.

ಅಕ್ಕ