ಮೆಥೊಡಿಸ್ಟ್ ಚರ್ಚಿನ ಮಾಡು

ಕಲ್ಯಾಣ,
೧೪ ನವೆಂಬರ್ ೨೦೧೦

ಪ್ರೀತಿಯ ಮಗಳು ಅಶ್ಮಿತಾಳಿಗೆ ಅಪ್ಪನ ಆಶೀರ್ವಾದಗಳು.

ನೀನು ಬರೆದ ಎರಡು ಪತ್ರಗಳೂ ತಲುಪಿದ್ದವು. ಉತ್ತರಕ್ಕೆ ನಾಲ್ಕು ವರ್ಷ ತಡವಾಯಿತು, ಕ್ಷಮಿಸು. ಫೋನಿನಲ್ಲೇ ಹೇಳೋಣವೆಂದರೆ ನಂಬರ್ ಅರ್ಧ ಒತ್ತಿ ಇಟ್ಟುಬಿಡುತ್ತೇನೆ. ಕಳೆದ ವರ್ಷ ನಿನ್ನಮ್ಮ ತೀರಿಕೊಂಡಾಗ ನೀನು ನೆರೂಲಿನಿಂದ ಓಡಿ ಬಂದೆ. ಆಗಲೂ ನಾನು ನಿನ್ನೊಡನೆ ಒಂದು ಮಾತೂ ಆಡಲಿಲ್ಲ.

ಈಗ ಒಂದು ಸುದ್ದಿ. ನಿನ್ನ ಮದುವೆ ನಡೆದ ಮೆಥೊಡಿಸ್ಟ್ ಚರ್ಚಿನ ಹಂಚಿನ ಮಾಡನ್ನು ರಿಪೇರಿ ಮಾಡಿದವನು ನಾನೇ. ಮಗಳು ಜಾತಿ ಬಿಟ್ಟಳೆಂದು ಯಾವ ಗೇಟು ದಾಟಲಿಲ್ಲವೋ, ಅದೇ ಗೇಟಿನೊಳಗೆ ಎರಡು ತಿಂಗಳು ಉಳಿ, ಗರಗಸ ಹಿಡಿದು ಹೋಗಿ ಬಂದೆ. ಅಲ್ಲಿಯ ಪಾಸ್ಟರ್ ಬೀದರಿನವರು. ಹಳೆ ಕಾಲದ ಮರಗೆಲಸ ಬಲ್ಲ ಕನ್ನಡದವನೊಬ್ಬ ಇದ್ದಾನೆಂದು ಕೇಳಿ ಹುಡುಕಿಕೊಂಡು ಬಂದಿದ್ದರು. ನಾನು ನಿನ್ನ ಅಪ್ಪನೆಂದು ಅವರಿಗೆ ಗೊತ್ತಿರಲಿಲ್ಲ.

ಒಳಗೆ ನಿಂತು ಮೇಲೆ ನೋಡಿದ್ದೀಯಾ? ರೈಲ್ವೆಯ ಬ್ರಿಟಿಷರು ನೂರಿಪ್ಪತ್ತು ವರ್ಷದ ಹಿಂದೆ ಕಟ್ಟಿದ್ದಂತೆ. ಕರಿಕಲ್ಲಿನ ಗೋಡೆ, ಚೂಪು ಕಮಾನಿನ ಕಿಟಕಿ. ಮೂರ್ತಿಯಿಲ್ಲ, ಚಿತ್ರವಿಲ್ಲ, ಬರೀ ಬೆಳಕು. ಸಾಗುವಾನಿ ತೊಲೆಗಳಿಗೆ ಒಂದೂ ಕಬ್ಬಿಣದ ಮೊಳೆಯಿಲ್ಲ, ಎಲ್ಲ ಮರದ ಬೆಣೆ. ಹಂಚು ಇಳಿಸಿ ಮಗುಚಿದರೆ ಮಂಗಳೂರಿನ ಹೆಸರು! ಊರಿನವರೇ ಸಿಕ್ಕ ಹಾಗಾಯಿತು. ಮೊದಲೆಲ್ಲ ಸಾಹೇಬರು ಮುಂದೆ, ಹಳಿ ರಿಪೇರಿಯವರು ಹಿಂದೆ ಕೂರುತ್ತಿದ್ದರಂತೆ. ಈಗ ಆ ಹಳಿ ರಿಪೇರಿಯವರ ಮರಿಮಕ್ಕಳೇ ಮುಂದೆ ನಿಂತು ಹಾಡುತ್ತಾರೆ.

ಕಮಿಟಿಯವರಿಗೆ ಎಲ್ಲ ಕಿತ್ತು ಶೀಟ್ ಹಾಕಿಸುವ ಅವಸರ. ಪಾಸ್ಟರಿಗೆ ಮನಸ್ಸಿರಲಿಲ್ಲ. "ಆಚಾರ್ರೇ, ಖರೇ ಹೇಳ್ರಿ, ಇದು ಉಳಿತದೇನ್ರಿ?" ಎಂದರು. ಏಣಿ ಹತ್ತಿ ಉಳಿಯಿಂದ ಚುಚ್ಚಿ ನೋಡಿದೆ. ಗೆದ್ದಲು ತಿಂದದ್ದು ಎರಡು ತೊಲೆಗಳ ತುದಿ ಮಾತ್ರ. "ಒಂದಡಿ ಹಾಳಾಯ್ತೂಂತ ಇಡೀ ತೊಲೆ ಬಿಸಾಡುವುದುಂಟಾ ಮಾರಾಯ್ರೇ?" ಎಂದು ಮೇಲಿನಿಂದಲೇ ಕೂಗಿದೆ. ಕೂಗಿದವನು ಹಾಗೇ ಏಣಿಯ ಮೇಲೆ ನಿಂತುಬಿಟ್ಟೆ. ನಾನು ಮಗಳನ್ನೇ ಬಿಟ್ಟು ಕೂತವನಲ್ಲವೇ?

ಕೆಟ್ಟದ್ದನ್ನು ಕೊಯ್ದು ಹೊಸ ಸಾಗುವಾನಿ ಜೋಡಿಸಿದೆ. ಎಂಜಿನಿಯರ್ ತಟ್ಟಿ ನೋಡಿ ಒಪ್ಪಿದ. ಮುಂದಿನ ಭಾನುವಾರದಿಂದ ಮತ್ತೆ ಅಲ್ಲೇ ಪ್ರಾರ್ಥನೆ. ಅಳಿಯ ಸಮಿತ್‌ನನ್ನು ಕರೆದುಕೊಂಡು ಬಾ, ನಾನೂ ಒಳಗೆ ಇರುತ್ತೇನೆ. ಆಮೇಲೆ ಮನೆಗೆ ಬನ್ನಿ, ನೀರುದೋಸೆ ಮಾಡುತ್ತೇನೆ. ನಿನ್ನಮ್ಮನಷ್ಟು ತೆಳ್ಳಗೆ ಎರೆಯಲು ಬರುವುದಿಲ್ಲ, ಹೊಂದಿಸಿಕೊಳ್ಳಿ.

ಇಬ್ಬರೂ ತಣ್ಣಗೆ ಬಾಳಿರಿ.

ನಿನ್ನ ಅಪ್ಪ,
ರಮಾಕಾಂತ ಆಚಾರ್ಯ

ತಾ.ಕ.: ಕೆಲಸ ಮುಗಿದ ದಿನ ಪಾಸ್ಟರ್ ಪ್ರೀತಿಯಿಂದ ಚರ್ಚಿನ ಮದುವೆ ರಿಜಿಸ್ಟರುಗಳನ್ನು ತೋರಿಸಿದರು. ೨೦೦೬ರ ಪುಟದಲ್ಲಿ ನಿನ್ನ ಹೆಸರು ಸಿಕ್ಕಿತು. ಸಾಕ್ಷಿಯ ಜಾಗದಲ್ಲಿ ಕನ್ನಡದಲ್ಲಿ 'ವಿಮಲಾ' ಎಂದು ನಿನ್ನಮ್ಮನ ಸಹಿ. ಆ ದಿನ ಅಂಬರನಾಥದ ದೇವಸ್ಥಾನಕ್ಕೆಂದು ಹೇಳಿ ಹೋಗಿದ್ದಳು. ಬಂದವಳು ನನ್ನ ಹಣೆಗೆ ಭಸ್ಮವನ್ನೂ ಹಚ್ಚಿದಳು. ಸಾಯುವವರೆಗೂ ಬಾಯಿ ಬಿಡಲಿಲ್ಲ. ಅಷ್ಟು ಹೆದರಿಸಿ ಇಟ್ಟಿದ್ದೆನೇ ಅವಳನ್ನು? ನೀನು ಯಾಕೆ ಹೇಳಲಿಲ್ಲವೆಂದು ಕೇಳುವುದಿಲ್ಲ. ಇಷ್ಟು ಮಾತ್ರ ಹೇಳು ಮಗಾ: ಅಂದು ಬೆಂಚಿನಲ್ಲಿ ಅವಳ ಪಕ್ಕ ಯಾರಾದರೂ ಕುಳಿತಿದ್ದರೇ?