ನಲವತ್ತನೆಯ ದಿನದ ಕಾಫಿ

ಪೆತ್ರೋಹೋರಿ, ಗ್ರೀಸ್
ನವೆಂಬರ್ ೧೯೮೬

ಪ್ರೀತಿಯ ತಮ್ಮ ಸ್ತಮಾಟಿಸ್,

ನೀನು ಊರಿನ ಅಧ್ಯಕ್ಷನಾದದ್ದು ಸಂತೋಷ. ಭಾನುವಾರಕ್ಕೆ ಅಮ್ಮ ತೀರಿಕೊಂಡು ನಲವತ್ತು ದಿನ. ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆ ಕಾಫಿ ಎಲ್ಲಿ ಕೊಡಿಸಲಿ? ನಿನ್ನ ಪಕ್ಷದವರು ಹಸಿರು ಬಾಗಿಲಿನ ಕಾಫಿ ಅಂಗಡಿ ಬಿಟ್ಟು ಬರುವುದಿಲ್ಲ. ಚುನಾವಣೆಯಲ್ಲಿ ನಿನ್ನೆದುರು ಸೋತ ಅಣ್ಣ ಅರ್ಗೀರಿಸ್ ನೀಲಿ ಬಾಗಿಲಿನದನ್ನು ಬಿಡುವುದಿಲ್ಲ.

"ಗೆದ್ಮೇಲೆ ರಾಜಿ ಎಂಥದ್ದು?" ಎನ್ನುತ್ತಾರಂತೆ ನಿನ್ನವರು. ಫಲಿತಾಂಶ ಕಾಣದೆ ಹೋದ ಅಮ್ಮ ನನಗೆ ಹೇಳಿದ್ದು ಬೇರೆ: "ಇಬ್ಬರಲ್ಲಿ ಯಾರಾದ್ರೂ ಗೆಲ್ಲಲಿ, ಗೆದ್ದೋನೇ ಮೊದ್ಲು ಹೋಗ್ಲಿ ಕಣೆ. ಸೋತೋನಿಗೆ ಕಾಲೇ ಏಳಲ್ಲ."

ಒಂದು ಸಲ ನೀಲಿ ಬಾಗಿಲು ದಾಟಿ ಅಣ್ಣನ ಪಕ್ಕ ಕೂತುಕೋ. ಮಾತಾಡಲೇಬೇಕೆಂದೇನಿಲ್ಲ. ಆಗದಿದ್ದರೆ ಶುಕ್ರವಾರದೊಳಗೆ ತಿಳಿಸು. ತಿಥಿಯ ಗೋಧಿಯನ್ನು ಎರಡು ಪಾತ್ರೆಯಲ್ಲಿ ಬೇಯಿಸಿ, ಎರಡೂ ಕಡೆ ಹಂಚುತ್ತೇನೆ.

ಸತ್ತದ್ದು ಮಾತ್ರ ಒಬ್ಬಳೇ ಅಮ್ಮ.

ನಿನ್ನ ಅಕ್ಕ,
ಅಸಿಮೀನಾ