ಆಕ್ಲೆಂಡಿನಿಂದ ಮಾಳಮಡ್ಡಿಗೆ

ಮಾಳಮಡ್ಡಿ, ಧಾರವಾಡ
೯ ಫೆಬ್ರುವರಿ ೨೦೨೫

ದೂರದೇಶದ ಭಾಗ್ಯಶ್ರೀ ಅಕ್ಕನವರಿಗೆ, ನಿಮ್ಮ ತಮ್ಮ ಅಮರೇಶನ ಹೆಂಡತಿ ಆರತಿಯ ನಮಸ್ಕಾರಗಳು.

ನಾವು ಕ್ಷೇಮ. ನೀವಂತೂ ಕ್ಷೇಮವೇ ಇರುತ್ತೀರಿ, ಆ ವಿಷಯದಲ್ಲಿ ನೀವು ಎಂದೂ ಅಲಕ್ಷ್ಯ ಮಾಡಿದವರಲ್ಲ.

ಕೂಸಿನ ತೊಟ್ಟಿಲಿಗೆ ಯಾವಾಗ ಬರುತ್ತೀರಿ ಎಂದು ಕೇಳಿದ್ದಕ್ಕೆ ನೀವು ಕಳಿಸಿದ ಉತ್ತರವನ್ನು ಇವತ್ತು ಮತ್ತೆ ಓದಿದೆ. ಆಕ್ಲೆಂಡಿನಿಂದ ಬೆಂಗಳೂರಿಗೆ ಹನ್ನೊಂದು ಸಾವಿರ ಕಿಲೋಮೀಟರ್, ನೇರ ವಿಮಾನವಿಲ್ಲ, ಸಿಂಗಾಪುರದಲ್ಲಿ ಕಾಯಬೇಕು, ಮನೆ ಮುಟ್ಟುವಷ್ಟರಲ್ಲಿ ಇಡೀ ಒಂದು ದಿನ. ಭೂಗೋಳ ನಾನೂ ಓದಿದ್ದೇನೆ. ನಾನು ಕೇಳಿದ್ದು ಬರುತ್ತೀರೋ ಇಲ್ಲವೋ ಎಂದು.

"ಅಕ್ಕ ಬಂದು ಕಿವ್ಯಾಗ ಅವ್ವನ ಹೆಸರು ಕರೀಲಿ, ಆಮ್ಯಾಲೆ ತೊಟ್ಟಲಾ" ಎಂದು ನಿಮ್ಮ ತಮ್ಮ ಹಟ ಹಿಡಿದು ಕೂತರು. ಸೋದರತ್ತೆ ಇದ್ದೂ ಬೇರೆಯವರು ಹೆಸರು ಕರೆಯುವುದೆಂದರೆ ಅವರ ಪಾಲಿಗೆ ತೀರಿಹೋದ ಅವ್ವನಿಗೇ ಅಪಮಾನ. ಹೀಗೆ ಐದು ತಿಂಗಳು ನನ್ನ ಮಗಳು ಹೆಸರಿಲ್ಲದೆ ಬೆಳೆದಳು. ಡಾಕ್ಟರರ ಚೀಟಿಯಲ್ಲೂ ಬರೀ "ಆರತಿಯ ಕೂಸು". ನೀವೋ, ವಿಡಿಯೋ ಕಾಲಿನಲ್ಲಿ ಕರೆಯುತ್ತೇನೆ ಎಂದಿರಿ. ಹೆಸರು ಕರೆದ ಸೋದರತ್ತೆಯ ಬೆನ್ನಿಗೆ ಹೆಣ್ಣುಮಕ್ಕಳೆಲ್ಲ ಗುದ್ದಬೇಕಲ್ಲ, ಫೋನಿನ ಬೆನ್ನಿಗೆ ಗುದ್ದೋಣವೇ?

ಹೋಗಲಿ, ದೂರ ನಿಜ ಎಂದುಕೊಂಡು ಸುಮ್ಮನಿದ್ದೆ. ಆದರೆ ಸಂಕ್ರಾಂತಿ ಮುಗಿದ ಮೇಲೆ ನಿಮ್ಮ ಮೈದುನನ ಮದುವೆಗೆ ಬೆಂಗಳೂರಿಗೆ ಬಂದು ಹತ್ತು ದಿನ ಇದ್ದು ಹೋದಿರಿ. ನನ್ನ ಗೆಳತಿ ಪ್ರಭಾವತಿ ಅದೇ ಮದುವೆಯಲ್ಲಿ ನಿಮ್ಮನ್ನು ಮಾತಾಡಿಸಿದ್ದಾಳೆ. "ಧಾರವಾಡಕ್ಕ ಯಾರ ಹೋಗ್ತಾರ್ರಿ, ಬರೇ ಧೂಳು" ಎಂದಿರಂತೆ. ಸಮುದ್ರ ದಾಟಿ ಬಂದ ಮಹಾತಾಯಿಗೆ ಹುಬ್ಬಳ್ಳಿಯ ಒಂದು ತಾಸಿನ ವಿಮಾನ ದೂರವಾಯಿತೇ? ಸಿಟ್ಟು ಬಂದಿದ್ದರೆ ಜಗಳ ತೆಗೆಯುತ್ತಿದ್ದೆ. ನನಗೆ ಬಂದದ್ದು ಹೇಸಿಗೆ.

ನಿನ್ನೆ ತೊಟ್ಟಿಲು ಮಾಡಿದೆವು. ನಿಮ್ಮ ಚಿಕ್ಕಪ್ಪನ ಮಗಳು ದ್ರಾಕ್ಷಾಯಿಣಿ, ಹಳ್ಳಿಗಮಾರಿ ಎಂದು ನೀವು ಆಡಿಕೊಂಡು ನಗುತ್ತಿದ್ದವಳು, ಕಲಘಟಗಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಳು. ನಿಮ್ಮ ಅವ್ವ ಗೌರಕ್ಕನವರ ಹೆಸರನ್ನೇ, ಗೌರಿ ಎಂದು, ಕೂಸಿನ ಕಿವಿಯಲ್ಲಿ ಕರೆದಳು. ನಾವು ಮೆಲ್ಲಗೆ ಗುದ್ದಿದರೆ, "ಜೋರ ಗುದ್ದ್ರವಾ, ನಾ ಏನ ಬೆಣ್ಣಿ ಮುದ್ದಿ ಅಲ್ಲ" ಎಂದು ಎಲ್ಲರನ್ನೂ ನಗಿಸಿದಳು. ನಿಮಗೆಂದು ತಂದಿಟ್ಟ ಇಳಕಲ್ ಸೀರೆಯನ್ನು ಅವಳಿಗೆ ಉಡಿಸಿದೆ. ಬಹಳ ಚಂದ ಕಂಡಳು.

ಇಂತಿ,
ಗೌರಿಯ ತಾಯಿ
ಆರತಿ

ತಾ.ಕ.: ಅಂಚೆ ತಡವಾಗುತ್ತದೆಂದು ಇದರ ಫೋಟೋ ತೆಗೆದು ವಾಟ್ಸಾಪಿಗೆ ಕಳಿಸುತ್ತಿದ್ದೇನೆ. ಓದಿ ಅಳಿಸಿಬಿಡಿ. ನೀವು ಬೆಂಗಳೂರಿಗೆ ಬಂದು ಹೋದದ್ದು ನಿಮ್ಮ ತಮ್ಮನಿಗೆ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಅಕ್ಕ ಹೊರಟೇ ಇದ್ದಳು, ವಿಮಾನ ರದ್ದಾಯಿತು ಎಂದು ಸುಳ್ಳು ಹೇಳಿ ತೊಟ್ಟಿಲಿಗೆ ಒಪ್ಪಿಸಿದೆ. ಅವರು ಫೋನು ಮಾಡಿದರೆ ನೀವೂ ಹಾಗೇ ಹೇಳಿ. ನಿನ್ನೆ ತೊಟ್ಟಿಲು ತೂಗುತ್ತ ಅಂದರು, "ಪಾಪ, ಅಕ್ಕ ಅಲ್ಲಿ ವಿಮಾನ ನಿಲ್ದಾಣದಾಗ ಒಬ್ಬಾಕೀನ ಕುಂತು ಎಷ್ಟ ಅತ್ತಾಳೋ ಏನೋ."